ವಿಮಾನವೇರಿ ಬರುವ ಚಳಿಜ್ವರ

ಇಂದು ಪಶ್ಚಿಮ ಆಫ್ರಿಕದಲ್ಲಿ ಸೊಳ್ಳೆಯಿಂದ ಕಚ್ಚಿಸಿಕೊಂಡವನು ನಾಳೆ ಲಂಡನ್ನಿನ ಬೀದಿಯಲ್ಲಿ ಆರೋಗ್ಯವಂತನಾಗಿಯೇ ಅಡ್ಡಾಡುತ್ತಿರಬಹುದು. ಅವನ ದೇಹವನ್ನು ಹೊಕ್ಕ ಮಲೇರಿಯಾ ಪರೋಪಜೀವಿ ಮೊದಲು ಯಕೃತ್ತಿನಲ್ಲಿ ಸದ್ದಿಲ್ಲದೆ ವೃದ್ಧಿಗೊಂಡು, ಅನಂತರ ಕೆಂಪು ರಕ್ತಕಣಗಳಿಗೆ ಲಗ್ಗೆಯಿಡುತ್ತದೆ. ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳೇ ಕಳೆದ ಮೇಲೆ, ಜ್ವರ ತಲೆದೋರುತ್ತದೆ. ಸೋಂಕು ತಗುಲಿದ ದೇಶವೊಂದು, ಜ್ವರ ಕಾಣಿಸಿಕೊಂಡ ದೇಶ ಮತ್ತೊಂದು. ಇದೇ ‘ಆಮದಾದ ಮಲೇರಿಯಾ’. ಆ ರೋಗವಿಲ್ಲದ ನಾಡಿನಲ್ಲಿ ಇದನ್ನು ಫ್ಲೂ ಜ್ವರವೆಂದು ಭ್ರಮಿಸುವುದು ಸುಲಭ. ಅಪಾಯದ ಮೂಲ ಅಲ್ಲಿಯೇ ಇದೆ.

ಮಲೇರಿಯಾ ಪರೋಪಜೀವಿಗಳಲ್ಲಿ ಅತ್ಯಂತ ಘಾತಕವಾದುದು ಪ್ಲಾಸ್ಮೋಡಿಯಂ ಫಾಲ್ಸಿಪಾರಂ. ಚಿಕಿತ್ಸೆ ತಡವಾದರೆ ಅದು ಮಿದುಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುವಂತೆ ಶ್ವಾಸಕೋಶಗಳನ್ನೂ ಕೆಡಿಸಬಲ್ಲುದು. ಇದು ಹೇಗೆಂಬುದನ್ನು ತಿಳಿಯಲು ಭೌತಶಾಸ್ತ್ರವೂ ನಮಗೆ ನೆರವಾಗುತ್ತದೆ.

ಶ್ವಾಸಕೋಶದ ಕೋಟ್ಯಂತರ ಗಾಳಿಗೂಡುಗಳಲ್ಲಿ ಗಾಳಿಗೂ ರಕ್ತಕ್ಕೂ ನಡುವಣ ತಡಿಕೆಯ ದಪ್ಪ ಬಹುಪಾಲು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ರಕ್ತದ ಒತ್ತಡವು ನೀರನ್ನು ಲೋಮನಾಳಗಳಿಂದ ಹೊರಕ್ಕೆ ದೂಡುತ್ತದೆ. ರಕ್ತದಲ್ಲಿರುವ ಪ್ರೋಟೀನುಗಳು ಅಭಿಸರಣದಿಂದ ಅದನ್ನು ಒಳಕ್ಕೆ ಸೆಳೆಯುತ್ತವೆ. ತೀವ್ರ ಮಲೇರಿಯಾದ ಉರಿಯೂತದಿಂದ ಈ ಗೋಡೆಗಳು ಸೋರತೊಡಗಿದರೆ ಪ್ರೋಟೀನುಗಳೂ ಹೊರಬೀಳುತ್ತವೆ. ಸಮತೋಲ ತಪ್ಪಿ ಗಾಳಿಗೂಡುಗಳಲ್ಲಿ ದ್ರವ ತುಂಬುತ್ತದೆ. ರೋಗಿ ಮೇಲುಸಿರು ಬಿಡುತ್ತಾನೆ. ವಯಸ್ಕನ ಉಸಿರಾಟವು ನಿಮಿಷಕ್ಕೆ 30ನ್ನು ಮೀರಿ, ರಕ್ತದ ಆಮ್ಲಜನಕದ ಮಟ್ಟ ಶೇಕಡ 92ಕ್ಕಿಂತ ಇಳಿದರೆ ಅದು ಗಂಡಾಂತರದ ಸೂಚನೆ.

ರೋಗವನ್ನು ಗುರುತಿಸುವ ದಾರಿ ಸರಳವಾದುದು: ರಕ್ತದ ಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಒಮ್ಮೆ ಕಾಣಲಿಲ್ಲವೆಂದು ಸುಮ್ಮನಿರದೆ, ಮತ್ತೆ ಮತ್ತೆ ಪರೀಕ್ಷಿಸಬೇಕು. ತೀವ್ರ ರೋಗಕ್ಕೆ ಆರ್ಟಿಸುನೇಟ್ ಔಷಧವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಇದರ ಮೂಲದ್ರವ್ಯವನ್ನು ನಮ್ಮ ದವನದ ಕುಲಕ್ಕೇ ಸೇರಿದ ಗಿಡವೊಂದರಿಂದ 1972ರಲ್ಲಿ ಬೇರ್ಪಡಿಸಿದ ಚೀನದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಭಾರತವೂ ಸೇರಿ ಏಷ್ಯದ ನಾಲ್ಕು ದೇಶಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಮಂದಿ ಮೃತರಾದರೆ, ಆರ್ಟಿಸುನೇಟ್ ಪಡೆದವರಲ್ಲಿ 15 ಮಂದಿ ಮೃತರಾದರು.

ಆದರೆ ನಾವು ಮರೆಯಬಾರದ ಸಂಗತಿಯೊಂದುಂಟು. ಔಷಧದಿಂದ ಪರೋಪಜೀವಿಗಳು ನಶಿಸಿ, ಜ್ವರವಿಳಿದ ಮೇಲೂ ಶ್ವಾಸಕೋಶ ಸೋರತೊಡಗಬಹುದು! ಆದ್ದರಿಂದ ಚೇತರಿಸಿಕೊಳ್ಳುತ್ತಿರುವ ರೋಗಿಯ ಉಸಿರಿನ ಮೇಲೂ ಕಣ್ಣಿಟ್ಟಿರಬೇಕು. ರಕ್ತನಾಳದ ಮೂಲಕ ಲವಣಜಲವನ್ನು ಅತಿಯಾಗಿ ಹರಿಸಿದರೆ ಸೋರಿಕೆ ಇನ್ನಷ್ಟು ಹೆಚ್ಚುತ್ತದೆ. ಆಮ್ಲಜನಕ, ಅಗತ್ಯಬಿದ್ದರೆ ಉಸಿರಾಟದ ಯಂತ್ರ, ಇವುಗಳ ಆಸರೆಯಲ್ಲಿ ಶ್ವಾಸಕೋಶಕ್ಕೆ ಚೇತರಿಸಿಕೊಳ್ಳಲು ಕಾಲಾವಕಾಶ ದೊರೆಯುತ್ತದೆ.

ಉದ್ಯೋಗಕ್ಕಾಗಿ ಆಫ್ರಿಕಕ್ಕೆ ಹೋಗಿಬರುವ ಕನ್ನಡಿಗರೂ ಇದನ್ನು ಅರಿತಿರಬೇಕು. ಮಲೇರಿಯಾ ಇರುವ ಸೀಮೆಯಲ್ಲಿ ಬೆಳೆದವರಿಗೂ ಅಲ್ಲಿಂದ ದೂರವಿದ್ದಂತೆ ರೋಗನಿರೋಧ ಶಕ್ತಿ ಕುಂದುತ್ತದೆ. ಪ್ರವಾಸದಿಂದ ಮರಳಿದವರಿಗೆ ಜ್ವರ ಬಂದರೆ ಅಂದೇ ವೈದ್ಯರನ್ನು ಕಂಡು, ಕೇಳುವ ಮೊದಲೇ ‘ನಾನು ಇಂಥ ದೇಶಕ್ಕೆ ಹೋಗಿದ್ದೆ’ ಎಂದು ತಿಳಿಸಬೇಕು. ಆ ಒಂದು ಮಾತೇ ಪ್ರಾಣವನ್ನು ಉಳಿಸೀತು.