ಸುಡುವ ಮಣ್ಣು ಬಿಟ್ಟುಕೊಡುವುದೇನು?

ಖಾನಾಪುರದ ಮಣ್ಣಿಗೆ ಬೆಳಗಾವಿ ಸೀಮೆಯಲ್ಲಿ ಹಳೆಯ ಹೆಸರು. ಗಡಿಗೆ, ಹಂಚು, ಇಟ್ಟಂಗಿ, ಎಲ್ಲಕ್ಕೂ ಒದಗುವ ಮಣ್ಣು ಅದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲೇ ಇದೆ. ಮಣ್ಣು ಸುಟ್ಟರೆ ಗಟ್ಟಿಯಾಗುತ್ತದೆಂದು ಎಲ್ಲರಿಗೂ ಗೊತ್ತು. ಗಟ್ಟಿಯಾಗುವ ಮುನ್ನ ಅದು ಎಷ್ಟೊಂದು ಅನಿಲ ಹೊರಹಾಕಬೇಕು ಎಂಬುದರ ಕಡೆಗೆ ನಮ್ಮ ಗಮನ ಹೋಗುವುದಿಲ್ಲ.

ಗಡಿಗೆ ಒಡೆದರೆ 'ಒಳಗೆ ಗಾಳಿ ಸಿಕ್ಕಿತ್ತು' ಎನ್ನುವುದುಂಟು. ಪಾಪ, ಗಾಳಿಯ ಮೇಲೆ ಸುಮ್ಮನೆ ಅಪವಾದ. 30 ಡಿಗ್ರಿಯಿಂದ 100 ಡಿಗ್ರಿಗೆ ಕಾದ ಗಾಳಿ ಕಾಲುಭಾಗದಷ್ಟೂ ಹಿಗ್ಗುವುದಿಲ್ಲ. ಅದೇ ನೀರು ಆವಿಯಾದರೆ 1,600 ಪಟ್ಟು ಮೀರಿ ಜಾಗ ಕೇಳುತ್ತದೆ. ಸರಿಯಾಗಿ ಒಣಗದ ಗಡಿಗೆಗೆ ಅವಸರದ ಉರಿ ಕೊಟ್ಟರೆ ಸಿಡಿಯುವುದು ಇದಕ್ಕೇ.

ಇಷ್ಟು ಬರೀ ಭೌತಿಕ ಬದಲಾವಣೆ. ರಸಾಯನ ಕ್ರಿಯೆ ಶುರುವಾಗುವುದು ಸುಮಾರು 450 ಡಿಗ್ರಿ ದಾಟಿದ ಮೇಲೆ. ಜೇಡಿಯ ಮುಖ್ಯ ಖನಿಜಗಳಲ್ಲೊಂದಾದ ಕೆಯೋಲಿನೈಟ್ ತನ್ನ ಹರಳಿನ ರಚನೆಯಲ್ಲೇ ಜಲಜನಕ-ಆಮ್ಲಜನಕದ ಜೋಡಿಗಳನ್ನು ಹೊತ್ತಿರುತ್ತದೆ. ಬಿಸಿಲಲ್ಲಿ ತಿಂಗಳುಗಟ್ಟಲೆ ಇಟ್ಟರೂ ಅವು ಕದಲವು. ಈ ಕಾವಿಗೆ ಕಳಚಿಕೊಂಡು ನೀರಾವಿಯಾಗುತ್ತವೆ. ಶುದ್ಧ ಕೆಯೋಲಿನೈಟ್‌ನ ತೂಕದಲ್ಲಿ ಶೇ. 14ರಷ್ಟು ಹೀಗೆ ಹೋಗುತ್ತದೆ. ಆಮೇಲೆ ಅದನ್ನು ನೀರಲ್ಲಿ ನೆನೆಹಾಕಿ ಮತ್ತೆ ಕೆಸರು ಮಾಡಲಾಗದು.

ಜೊತೆಗೆ ಬೇರು, ಹೊಟ್ಟುಗಳಲ್ಲಿರುವ ಇಂಗಾಲ ಉರಿದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಇಟ್ಟಂಗಿ ಮಣ್ಣಿಗೆ ಬೆರೆಸಿದ ಭತ್ತದ ಹೊಟ್ಟು ಸುಟ್ಟುಹೋಗಿ ಬಿಡುವ ಸಣ್ಣ ರಂಧ್ರಗಳೇ ಉಳಿದ ಅನಿಲಕ್ಕೆ ದಾರಿ. ಬೆಂಕಿಗೆ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದು ಕೆಂಪು ಕಬ್ಬಿಣದ ಆಕ್ಸೈಡಿನಿಂದ ಆಮ್ಲಜನಕ ಕಿತ್ತುಕೊಳ್ಳುವುದರಿಂದ ಗಡಿಗೆ ಕಪ್ಪಾಗುತ್ತದೆ. ಬಣ್ಣ, ವಾಸನೆ ಎರಡೂ ಇಲ್ಲದ ವಿಷ ಅದು. ಮುಚ್ಚಿದ ಕೋಣೆಯಲ್ಲಿ ಇದ್ದಲಿ ಉರಿಸಬಾರದು ಎನ್ನುವುದೂ ಅದಕ್ಕೇ.

ಎಲ್ಲಕ್ಕಿಂತ ಕಪಟಿ ಸುಣ್ಣದ ಹರಳು. 100 ಗ್ರಾಂ ಸುಣ್ಣದಕಲ್ಲು ಪೂರ್ತಿ ಸುಟ್ಟರೆ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಹಂಚಿನಲ್ಲಿ ಕಾಳಿನಷ್ಟು ಉಳಿದರೂ ಸಾಕು. ಭಟ್ಟಿಯಿಂದ ಚೆಂದಾಗಿಯೇ ಹೊರಬಂದ ಹಂಚು ಮಳೆಗಾಲದ ತೇವ ಹೀರಿತೆಂದರೆ, ಆ ಕಾಳು ಅರಳಿ ಮೇಲಿನ ಪದರವನ್ನೇ ಎಬ್ಬಿಸುತ್ತದೆ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳ ಚಿಂತೆಯೂ ಹೀಗೆ ಹೊರಬರುವ ಅನಿಲದ್ದೇ, ಕಾವು ಮಾತ್ರ ಹೆಚ್ಚು. ಎರಕದ ಅಚ್ಚಿನ ಹಸಿ ಮರಳಲ್ಲಿ ನೀರು ಇರಲೇಬೇಕು, ಇಲ್ಲದಿದ್ದರೆ ಅಚ್ಚು ನಿಲ್ಲದು. ಅದರ ಮೇಲೆ 1,400 ಡಿಗ್ರಿಯ ಕಬ್ಬಿಣ ಸುರಿದರೆ? ಆ ಕಾವಿನಲ್ಲಿ ಐದು ಗ್ರಾಂ ನೀರಿನ ಆವಿಗೆ ಸುಮಾರು 38 ಲೀಟರ್ ಜಾಗ ಬೇಕು. ಸಾಲದ್ದಕ್ಕೆ ಕಬ್ಬಿಣ ಆ ಆವಿಯಿಂದ ಆಮ್ಲಜನಕ ಕಸಿದು ಜಲಜನಕವನ್ನು ಬಿಡುತ್ತದೆ. 1780ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ರಸಾಯನ ವಿಜ್ಞಾನಿ ಲಾವೋಸಿಯೆ ಕೆಂಪಗೆ ಕಾದ ಕಬ್ಬಿಣದ ಕೊಳವೆಯೊಳಗೆ ನೀರಾವಿ ಹಾಯಿಸಿ ಜಲಜನಕ ಪಡೆದದ್ದು ಇದೇ ಕ್ರಿಯೆಯಿಂದ. ನೀರು ಮೂಲವಸ್ತುವಲ್ಲ ಎಂದು ಸಾಧಿಸಲು ಅವನಿಗೆ ಈ ಅನಿಲ ಬೇಕಿತ್ತು. ಫೌಂಡ್ರಿಯವನಿಗೆ ಅದು ಬೇಡವೇ ಬೇಡ. ಅದಕ್ಕೇ ಅಚ್ಚನ್ನು ತಂತಿಯಿಂದ ಅಲ್ಲಲ್ಲಿ ಚುಚ್ಚಿ ಕಿಂಡಿ ಬಿಡುತ್ತಾರೆ. ದಾರಿ ಸಿಗದ ಅನಿಲ ಲೋಹದೊಳಗೇ ಉಳಿದು ಬ್ಲೋಹೋಲ್ ಆಗುತ್ತದೆ, ಅದೂ ಹಲವು ಸಲ ಲೇತಿನ ಮೇಲೆ ಮೇಲ್ಮೈ ತರಿದಾಗಲೇ ಬಯಲಾಗುವುದು.