ಪೈಸೆ ವ್ಯತ್ಯಾಸ, 28 ಜೀವ

ಲೆಡ್ಜರ್ ಕಾಲದಲ್ಲಿ ಬ್ಯಾಂಕಿಗೆ ಸೇರಿದ ನಮ್ಮಂಥವರಿಗೆ ಗೊತ್ತು, ಬ್ಯಾಲೆನ್ಸಿಂಗ್ ದಿನ ಒಂದು ಪೈಸೆ ತಾಳೆಯಾಗದಿದ್ದರೂ ಮನೆಗೆ ಹೋಗುವಂತಿರಲಿಲ್ಲ. "ನಾನೇ ಜೇಬಿನಿಂದ ಹಾಕುತ್ತೇನೆ ಸಾರ್" ಎಂದರೆ ನಮ್ಮ ಅಧಿಕಾರಿಗಳು ಒಪ್ಪುತ್ತಿರಲಿಲ್ಲ. ಪೈಸೆಯ ಹಿಂದೆ ಸಾವಿರ ಅಡಗಿರಬಹುದು ಎನ್ನುತ್ತಿದ್ದರು.

ಈ ಮಾತು ಯಂತ್ರಗಳಿಗೂ ಸಲ್ಲುತ್ತದೆ. ರಾಡಾರ್, ಮೊಬೈಲ್, ಶ್ರವಣಯಂತ್ರ ಇವೆಲ್ಲ ಬಂದ ಸಂಕೇತವನ್ನು ಅಂಕಿಗಳಾಗಿ ಮಾಡಿ ಲೆಕ್ಕ ಹಾಕುತ್ತವೆ. ಸೂತ್ರ ಬರೆಯುವ ಕಾಗದದಲ್ಲಿ ದಶಾಂಶ ಬಿಂದುವಿನ ಮುಂದೆ ಎಷ್ಟು ಅಂಕಿಗಳಿಗೂ ಜಾಗವಿದೆ. ಯಂತ್ರದೊಳಗೆ ಅಷ್ಟು ಜಾಗವಿಲ್ಲ, ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ಕೊಲ್ಲಿ ಯುದ್ಧದ ಸಮಯ. ಸೌದಿ ಅರೇಬಿಯದಲ್ಲಿ ದಮ್ಮಾಮ್ ಪಕ್ಕದ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಕಾವಲಿಗಿತ್ತು. ಇರಾಕಿನ ಸ್ಕಡ್ ಕ್ಷಿಪಣಿಯೊಂದು ರಾಡಾರಿಗೆ ಕಂಡರೆ, ಅದರ ವೇಗ ಮತ್ತು ಸಮಯದಿಂದ ಮರುಕ್ಷಣ ಅದು ಎಲ್ಲಿರಬೇಕೆಂದು ಗುಣಿಸಿ ಅಲ್ಲಿಯೇ ನೋಡುವುದು ಇದರ ಕ್ರಮ.

ಇದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಪಾಲಿನ ಲೆಕ್ಕದಲ್ಲಿ ಎಣಿಸುತ್ತಿತ್ತು. ನೂರು ರೂಪಾಯಿಯನ್ನು ಮೂವರಿಗೆ ಸಮನಾಗಿ ಹಂಚಿದರೆ 33.33 ಬಂದು ಒಂದು ಪೈಸೆ ಉಳಿಯುವುದಿಲ್ಲವೇ? ಹಾಗೆಯೇ ಹತ್ತನೇ ಒಂದು ಎಂಬುದು ಕಂಪ್ಯೂಟರಿನ ಸೊನ್ನೆ-ಒಂದರ ಲೆಕ್ಕದಲ್ಲಿ ಮುಗಿಯುವುದೇ ಇಲ್ಲ. ಪೇಟ್ರಿಯಟ್‌ನಲ್ಲಿ ಇದ್ದದ್ದು 24 ಬಿಟ್‌ಗಳ ಜಾಗ. ಅಲ್ಲಿಗೆ ಕತ್ತರಿಸಿದಾಗ ಬಿಟ್ಟುಹೋದದ್ದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ.

ಈ ವ್ಯವಸ್ಥೆಯನ್ನು ಮೊದಲು ರೂಪಿಸಿದ್ದು ವಿಮಾನಗಳನ್ನು ಹೊಡೆಯಲು, ಒಂದು ಕಡೆ ಕೆಲವೇ ಗಂಟೆ ನಿಂತು ಮುಂದೆ ಸಾಗಲು. ದಹ್ರಾನ್‌ನಲ್ಲಿ ಅದು ನೂರು ಗಂಟೆಗೂ ಮಿಕ್ಕಿ ನಿಲ್ಲಿಸದೆ ಓಡಿತು. ನೂರು ಗಂಟೆಯೆಂದರೆ 36 ಲಕ್ಷ ಎಣಿಕೆ. ಅಷ್ಟೂ ಚೂರುಗಳು ಸೇರಿ 0.34 ಸೆಕೆಂಡ್ ಆಯಿತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತದೆ. 1991ರ ಫೆಬ್ರವರಿ 25ರ ರಾತ್ರಿ ರಾಡಾರ್ ತಪ್ಪು ಜಾಗದಲ್ಲಿ ಹುಡುಕಿತು, ಅಲ್ಲೇನೂ ಕಾಣಲಿಲ್ಲ, ಪ್ರತಿಕ್ಷಿಪಣಿ ಹಾರಲಿಲ್ಲ. ಸ್ಕಡ್ ಬಂದು ಸೈನಿಕರ ವಸತಿಗೆ ಬಿತ್ತು. 28 ಮಂದಿ ಸತ್ತರು.

ಮನಸ್ಸಿಗೆ ನಾಟುವುದು ಮುಂದಿನದು. ಇಸ್ರೇಲಿನವರು ಎರಡು ವಾರ ಮೊದಲೇ, ಎಂಟು ಗಂಟೆ ಓಡಿದರೂ ಲೆಕ್ಕ ಜಾರುತ್ತದೆ ಎಂದು ತಿಳಿಸಿದ್ದರು. ಬಹಳ ಹೊತ್ತು ಓಡಿಸಿದರೆ ತೊಂದರೆಯಾದೀತು ಎಂಬ ಸೂಚನೆ ಸೇನಾ ಘಟಕಗಳಿಗೆ ಹೋಯಿತು. ಬಹಳ ಹೊತ್ತು ಎಂದರೆ ಎಷ್ಟು ಗಂಟೆ ಎಂಬುದು ಅದರಲ್ಲಿರಲಿಲ್ಲ. ನಮ್ಮ ಕೆಲವು ಸುತ್ತೋಲೆಗಳ ಹಾಗೆ! ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿದ್ದರೆ ಗಡಿಯಾರ ಸೊನ್ನೆಯಿಂದ ಎಣಿಸುತ್ತಿತ್ತು. ತಿದ್ದಿದ ಸಾಫ್ಟ್‌ವೇರ್ ದಹ್ರಾನ್ ತಲುಪಿದ್ದು ಮರುದಿನ, ಫೆಬ್ರವರಿ 26ರಂದು.

ನಮ್ಮ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರ ಪಡೆಯುವ ಮಕ್ಕಳಲ್ಲಿ ಹಲವರು ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಓದುವವರು. ಪ್ರಾಜೆಕ್ಟ್ ಸರಿಯಾಗಿ ಓಡುತ್ತಿದೆ ಎಂದು ಅವರು ಸಂತೋಷದಿಂದ ಹೇಳಿದಾಗ ಬೆನ್ನು ತಟ್ಟೋಣ. ಜತೆಗೆ ಒಂದು ಮಾತು ಕೇಳೋಣ: "ಎಷ್ಟು ಗಂಟೆ ಓಡಿಸಿ ನೋಡಿದ್ದೀ ಮಗಾ?"