ವಾರಾನ್ನದಿಂದ ದತ್ತಿನಿಧಿಗೆ

ನಮ್ಮ ತಂದೆಯವರ ತಲೆಮಾರಿನಲ್ಲಿ ಅನೇಕ ಬಡ ಹುಡುಗರ ಓದು ನಡೆದುದು ವಾರಾನ್ನದ ಬಲದಿಂದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಬಡಿಸುವವರಲ್ಲಿ ಎಷ್ಟೇ ಅಕ್ಕರೆಯಿದ್ದರೂ ಉಣ್ಣುವವನ ಸಂಕೋಚ ತಪ್ಪುತ್ತಿರಲಿಲ್ಲ. ಆ ಬಾಗಿಲುಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲವೆಂಬುದನ್ನೂ ಮರೆಯುವಂತಿಲ್ಲ. ಇಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಳೆಯ ವಿದ್ಯಾರ್ಥಿಗಳು ಕೂಡಿಸಿಡುವ ವಿದ್ಯಾರ್ಥಿವೇತನದ ನಿಧಿಗಳನ್ನು ಕಂಡಾಗ ನನಗೆ ಆ ಮನೆಗಳು ನೆನಪಾಗುತ್ತವೆ.

ವಿಶ್ವೇಶ್ವರಯ್ಯನವರ ಉದಾಹರಣೆ ಎಲ್ಲರಿಗೂ ತಿಳಿದದ್ದೇ. ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ ತರುಣನಿಗೆ ಮೈಸೂರು ಸರ್ಕಾರದ ವೇತನ ದೊರೆಯದಿದ್ದರೆ ಪುಣೆಯಲ್ಲಿ ಎಂಜಿನಿಯರಿಂಗ್ ಓದುವುದು ಕಷ್ಟವಿತ್ತು. 1883ರಲ್ಲಿ ಅವರು ಮೊದಲಿಗರಾಗಿ ತೇರ್ಗಡೆಯಾದರು. 1917ರಲ್ಲಿ ಅವರು ದಿವಾನರಾಗಿದ್ದಾಗ ಬೆಂಗಳೂರಿನಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು ಈಗ ಅವರ ಹೆಸರನ್ನೇ ಹೊತ್ತಿದೆ. ಋಣ ತೀರುವ ಬಗೆಗಳಲ್ಲಿ ಇದೂ ಒಂದು.

ದತ್ತಿನಿಧಿಯ ಲೆಕ್ಕ ಸರಳವಾದುದು. ಮೂಲಧನವನ್ನು ಮುಟ್ಟದೆ ಬಡ್ಡಿಯನ್ನಷ್ಟೇ ವೆಚ್ಚ ಮಾಡುವುದು. ಐದು ಲಕ್ಷ ರೂಪಾಯಿಗೆ ನೂರಕ್ಕೆ ಆರರಂತೆ ವರ್ಷಕ್ಕೆ ಮೂವತ್ತು ಸಾವಿರ. ಆದರೆ ಬೆಲೆಗಳು ಏರುತ್ತವೆ, ಮೂಲಧನ ನಿಂತಲ್ಲೇ ನಿಲ್ಲುತ್ತದೆ. ವರ್ಷಕ್ಕೆ ನೂರು ರೂಪಾಯಿಯ ಹಳೆಯ ಬಹುಮಾನದತ್ತಿ ಇಂದು ಒಂದು ಪಠ್ಯಪುಸ್ತಕಕ್ಕೂ ಸಾಲದು. ಆದಕಾರಣ ಬಡ್ಡಿಯ ಒಂದು ಪಾಲನ್ನು ಮೂಲಕ್ಕೇ ಸೇರಿಸಬೇಕು, ಇಲ್ಲವೆ ಹೊಸ ತಂಡಗಳು ನಿಧಿಯನ್ನು ಬೆಳೆಸುತ್ತ ಬರಬೇಕು. ಜಮ್ಷೆಟ್‌ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ನಿಧಿಯದು ಬೇರೆ ದಾರಿ. ವಿದೇಶದಲ್ಲಿ ಓದುವವರಿಗೆ ಅದು ಸಾಲರೂಪದ ವೇತನ ಕೊಡುತ್ತದೆ; ಒಬ್ಬ ತೀರಿಸಿದ ಹಣ ಇನ್ನೊಬ್ಬನಿಗೆ ಒದಗುತ್ತದೆ.

ಹಣದ ಮೊತ್ತಕ್ಕಿಂತ ಅದು ಕೈಸೇರುವ ಸಮಯ ಮುಖ್ಯ. ಸರ್ಕಾರದ ವೇತನ ಮಂಜೂರಾಗಿ ಬರುವ ಹೊತ್ತಿಗೆ ಶುಲ್ಕದ ಗಡುವು ಎಷ್ಟೋ ಸಲ ಕಳೆದಿರುತ್ತದೆ. ಹಾಸ್ಟೆಲಿನ ಊಟದ ಬಿಲ್ಲಂತೂ ತಿಂಗಳು ತಿಂಗಳೂ ಬರುತ್ತದೆ. ಈ ನಡುವಣ ಕಂದಕವನ್ನು ತುಂಬಬಲ್ಲದ್ದು ಇಂಥ ಸಣ್ಣ ನಿಧಿ.

ನಾನು ಕನ್ನಡ ಬೋಧಿಸುತ್ತಿದ್ದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಆಯ್ಕೆಯ ಸಮಿತಿಗೆ ನನ್ನನ್ನೂ ಸೇರಿಸಿದ್ದರು. ಎಲ್ಲ ವಿಷಯಗಳಲ್ಲೂ ತೇರ್ಗಡೆಯಾದವರಿಗೆ ಮಾತ್ರ ವೇತನದ ಮುಂದುವರಿಕೆ ಎಂಬುದು ನಿಯಮ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಒಬ್ಬ ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಗಣಿತದಲ್ಲಿ ನಪಾಸಾದಳು. ಅವಳಿಗೆ ತಿಳಿಯದಿದ್ದುದು ಗಣಿತವಲ್ಲ, ಪ್ರಶ್ನೆಯ ಇಂಗ್ಲಿಷು. ನನಗೆ ಅದು ಗೊತ್ತಿತ್ತು. ಆದರೂ ನಿಯಮವೆಂದು ಸಹಿ ಹಾಕಿದೆ. ಅವಳು ಊರಿಗೆ ಹೊರಟುಹೋದಳು.

ಆ ವರ್ಷದ ವರದಿಯನ್ನು ಓದಿದ ದಾನಿಯೊಬ್ಬರು ಸಮಿತಿಗೆ ಪತ್ರ ಬರೆದರು. ಅವರೂ ಅದೇ ಕಾಲೇಜಿನವರು, ಮೊದಲ ವರ್ಷ ಗಣಿತದಲ್ಲಿ ಬಿದ್ದು ಎದ್ದವರು. ಮೊದಲ ವರ್ಷದ ನಪಾಸಿಗೆ ವೇತನ ನಿಲ್ಲಿಸಕೂಡದೆಂದು ಅವರು ಕೇಳಿಕೊಂಡಿದ್ದರು. ಅದೇ ಬೆಂಚಿನ ಮೇಲೆ ಕುಳಿತಿದ್ದವರಿಗಲ್ಲದೆ ಬೇರೆಯವರಿಗೆ ಈ ಮಾತು ಹೊಳೆಯುತ್ತಿತ್ತೆ? ಮರುವರ್ಷ ನಿಯಮ ತಿದ್ದಲಾಯಿತು. ಹುಡುಗಿಯ ಊರಿನ ವಿಳಾಸಕ್ಕೆ ನಾನೇ ಕಾಗದ ಬರೆದೆ. ಉತ್ತರ ಬರಲಿಲ್ಲ.